ಎರಡನೇ ಬ್ರೇಕ್

"ಗೇಮಿಂಗ್ ಕಂಪ್ಯೂಟರಾ? ತಮ್ಮನಿಗಾ ಮೇಡಂ, ಮಗನಿಗಾ?"

ಕಂಪ್ಯೂಟರ್ ಅಂಗಡಿಯವನು ಕೇಳಿದ್ದು ಇಷ್ಟೇ. ಅಷ್ಟಕ್ಕೇ ಅವಳ ಮುಖ ಕೆಂಪಾಯಿತು.

"ನನಗೆ! ಯಾಕೆ, ಹೆಂಗಸರು ಮುಟ್ಟಿದ್ರೆ ನಿಮ್ಮ ಕಂಪ್ಯೂಟರ್ ಆನ್ ಆಗಲ್ವಾ?"

ಕೌಂಟರಿನ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕಿಸಕ್ಕನೆ ನಕ್ಕರು. ಅವರ ತೊಡೆಯ ಮೇಲೆ ಒಂದು ಹಳೇ ಪ್ರಿಂಟರ್. ಆಗಾಗ ಅದೇ ಪ್ರಿಂಟರನ್ನು ಹೊತ್ತುಕೊಂಡು ರಿಪೇರಿಗೆ ಬರುವ ಅವರಿಗೆ ಆ ಬೀದಿಯಲ್ಲೆಲ್ಲ ಪ್ರಿಂಟರ್ ಅಂಕಲ್ ಎಂದೇ ಹೆಸರು.

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ವಾದಕ್ಕೆ ಇಳಿಯುತ್ತಾನೆ ಎಂದುಕೊಂಡು ಅವಳು ಸೆರಗು ಬಿಗಿದು ನಿಂತಿದ್ದರೆ, ಅವನು ನಾಲಿಗೆ ಕಚ್ಚಿಕೊಂಡ.

"ತಪ್ಪಾಯ್ತು. ನಾನು ಕೇಳಬೇಕಾಗಿದ್ದು ಅದಲ್ಲ. ಯಾವ ಗೇಮ್ ಆಡ್ತೀರಾ?"

ಈಗ ಅವಳಿಗೇ ಮಾತು ತಡವರಿಸಿತು.

"ಡ್ರೈವಿಂಗ್ ಗೇಮ್... ರೇಸ್ ಅಲ್ಲ. ಊರೊಳಗೆ, ಟ್ರಾಫಿಕ್‌ನಲ್ಲಿ ಓಡಿಸೋದು. ಸ್ಟೀರಿಂಗ್, ಪೆಡಲ್ ಎಲ್ಲ ಬೇಕು. ಬ್ರೇಕ್ ಒತ್ತಿದ ತಕ್ಷಣ ಕಾರು ನಿಲ್ಲಬೇಕು. ತಕ್ಷಣ!"

ಎರಡನೇ ಸಲ ಹೇಳುವಾಗ ಅವಳ ದನಿ ನಡುಗಿತು. ಅದು ಅವನಿಗೆ ಕೇಳಿಸಿತು. ಕಾರಣ ಮಾತ್ರ ಅವನು ವಿಚಾರಿಸಲಿಲ್ಲ.

ಆ ಕಾರಣ ಅವಳ ಮನೆಯಂಗಳದಲ್ಲಿ, ಟಾರ್ಪಾಲು ಹೊದ್ದುಕೊಂಡು ನಿಂತಿತ್ತು.

ಅವಳ ಅಪ್ಪ ಕಟ್ಟಿದ ಡ್ರೈವಿಂಗ್ ಸ್ಕೂಲಿನ ಕಾರು ಅದು. ಕಲಿಸುವವರು ಕೂರುವ ಎಡಗಡೆಯ ಸೀಟಿನ ಮುಂದೆ, ಕಾಲ ಬಳಿಯೂ ಅದರಲ್ಲೊಂದು ಬ್ರೇಕ್ ಇತ್ತು, ಕಲಿಯುವವರು ಎಡವಟ್ಟು ಮಾಡಿದರೆ ಒತ್ತಲಿಕ್ಕೆ. ಅಪ್ಪನ ಮಂಡಿ ಸೋತ ಮೇಲೆ ಆ ಸೀಟು ಅವಳದಾಯಿತು. "ಕ್ಲಚ್ಚು! ಕ್ಲಚ್ಚು!" ಎಂದು ಕೂಗಿ ಕೂಗಿಯೇ ಎಷ್ಟೋ ಜನಕ್ಕೆ ಕಾರು ಕಲಿಸಿದ ಅವಳನ್ನು ಶಿಷ್ಯರು ಪ್ರೀತಿಯಿಂದ ಕ್ಲಚ್ಚಕ್ಕ ಎನ್ನುತ್ತಿದ್ದರು.

ಹಾಗಿರುವಾಗ ಒಂದು ದಿನ, ನಿವೃತ್ತ ಟೀಚರಮ್ಮ ಒಬ್ಬರು ಗಾಬರಿಯಲ್ಲಿ ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತಿಬಿಟ್ಟರು. ಇವಳು ತನ್ನ ಬ್ರೇಕ್ ಒತ್ತಿದಳು. ಒತ್ತುವಷ್ಟರಲ್ಲಿ ಕಾರು ಕಾಂಪೌಂಡ್ ಗೋಡೆಗೆ ಗುದ್ದಿತ್ತು. ಟೀಚರಮ್ಮನ ಮಣಿಕಟ್ಟು ಮುರಿಯಿತು.

ಮಣಿಕಟ್ಟೇನೋ ಕೂಡಿಕೊಂಡಿತು. "ಕ್ಲಾಸ್ ಯಾವಾಗಮ್ಮ ಶುರು? ನಾನಂತೂ ರೆಡಿ!" ಎಂದು ಅವರೇ ಫೋನ್ ಮಾಡುತ್ತಿದ್ದರು. ಆದರೆ ಇವಳು ಕಾರಿನೊಳಗೆ ಕೂತರೆ ಸಾಕು, ಬಲಗಾಲು ಮರಗಟ್ಟುತ್ತಿತ್ತು.

'ನನ್ನ ಕಾಲು ತಡ ಮಾಡ್ತು... ನಾನೇ ತಡ ಮಾಡಿದೆ...'

ಅಪ್ಪ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಈ ತಿಂಗಳು ನೋಡೋಣ ಪುಟ್ಟಿ. ಆಗಲ್ಲ ಅಂದ್ರೆ ಕಾರು ಕೊಟ್ಟುಬಿಡೋಣ, ಬೋರ್ಡು ಇಳಿಸೋಣ" ಎಂದಿದ್ದರು, ಅಷ್ಟೇ. ಅವಳಿಗೆ ಹೊಳೆದ ದಾರಿ ಇದೊಂದೇ. ಯಾರ ಕೈಯೂ ಮುರಿಯದ ರಸ್ತೆಯಲ್ಲಿ ಮೊದಲು ಕಾಲಿನ ಭಯ ಬಿಡಿಸಬೇಕು.

"ಇಷ್ಟರೊಳಗೇ ಆಗಬೇಕು" ಎಂದು ಅವಳು ಹೇಳಿದ ಮೊತ್ತ ಕೇಳಿ ಅವನು ತಲೆ ಕೆರೆದುಕೊಂಡ. ಸ್ಟೀರಿಂಗ್ ಮತ್ತು ಪೆಡಲೇ ಅದರಲ್ಲಿ ದೊಡ್ಡ ಪಾಲು ನುಂಗುತ್ತಿತ್ತು.

"ಆಗುತ್ತೆ. ಆದ್ರೆ ಅಂದಕ್ಕೆ ದುಡ್ಡು ಹಾಕೋ ಹಾಗಿಲ್ಲ. ಬಣ್ಣದ ಲೈಟಿರೋ ಕ್ಯಾಬಿನೆಟ್ ಬೇಕಾ?"

"ಯಾಕೆ, ನಾನೇನು ಸರ್ಕಸ್ ನಡೆಸ್ತೀನಾ?"

"ಬದುಕಿದೆ!" ಎಂದು ನಕ್ಕು ಒಂದು ಸಾದಾ ಕಪ್ಪು ಡಬ್ಬ ತೆಗೆದಿಟ್ಟ.

ಹೀಗೆ ಶುರುವಾದದ್ದು ಒಂದೇ ದಿನಕ್ಕೆ ಮುಗಿಯಲಿಲ್ಲ. ಪ್ರೊಸೆಸರ್ ಯಾವುದು ಎಂದು ಕೇಳಲು ಒಂದು ಸಂಜೆ, ರ‍್ಯಾಮ್ ಎಷ್ಟು ಸಾಕು ಎಂದು ಕೇಳಲು ಇನ್ನೊಂದು ಸಂಜೆ, ಸ್ಟಾಕ್ ಇಲ್ಲ, ನಾಳೆ ಬನ್ನಿ ಎಂದು ಅವನು ಹೇಳಿದ್ದಕ್ಕೆ ಮತ್ತೊಂದು ಸಂಜೆ. ಫೋನಿನಲ್ಲೇ ಕೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅವಳೂ ತನ್ನನ್ನು ತಾನೇ ಹಾಗೆ ಕೇಳಿಕೊಂಡಳು, ಉತ್ತರ ಸಿಗುವ ಮೊದಲೇ ಚಪ್ಪಲಿ ಮೆಟ್ಟಿ ಹೊರಟಿರುತ್ತಿದ್ದಳು.

"ಪವರ್ ಸಪ್ಲೈ ಅಂದ್ರೆ ಈ ಡಬ್ಬವಾ? ಇದಕ್ಕೆ ಇಷ್ಟು ಬೆಲೆನಾ? ಕಡಿಮೇದು ಕೊಡ್ರಿ."

"ಅದೊಂದು ಮಾತ್ರ ಬೇಡ. ಎಲ್ಲದಕ್ಕೂ ಕರೆಂಟ್ ಹಂಚೋದು ಅದೇ. ಕಾರಿಗೆ ಅಗ್ಗದ ಬ್ರೇಕ್ ಹಾಕಿಸ್ತೀರಾ ನೀವು?"

ಅವಳ ಮುಖ ಬಿಳಿಚಿಕೊಂಡಿತು. ಏನೋ ತಾಗಬಾರದ ಕಡೆ ತಾಗಿತೆಂದು ಅವನಿಗೆ ಗೊತ್ತಾಯಿತು. ಫ್ಯಾನ್ ವೇಗ ಜಾಸ್ತಿ ಮಾಡಿ, ಸ್ಟೂಲ್ ಎಳೆದು ಕೊಟ್ಟ. ಅಪ್ಪನಿಗೂ ಪೂರ್ತಿ ಹೇಳದ ಮಾತು, ಗೋಡೆ, ಮಣಿಕಟ್ಟು, ಮರಗಟ್ಟುವ ಕಾಲು, ಎಲ್ಲ ಆವತ್ತು ಅವಳ ಬಾಯಿಂದ ಹೊರಬಂತು.

ಅವನು ಸಮಾಧಾನದ ಮಾತು ಆಡಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದ.

"ಹಾಗಾದ್ರೆ ನೀವು ಟೀಚರ್ರು?"

"ಆಗಿದ್ದೆ."

"ಸರಿ ಟೀಚರ್. ಕಾರ್ಡ್ ವಿಷಯಕ್ಕೆ ಬರೋಣ. ಚಿತ್ರ ಸರಾಗವಾಗಿ ಓಡಬೇಕಂದ್ರೆ ಗ್ರಾಫಿಕ್ಸ್ ಕಾರ್ಡ್ ಚೆನ್ನಾಗಿರಬೇಕು. ಹೊಸದಕ್ಕೆ ದುಡ್ಡು ಸಾಲಲ್ಲ. ಒಬ್ಬರು ಬಳಸಿದ್ದು ನನ್ನ ಹತ್ರ ಇದೆ, ನಾನೇ ಪರೀಕ್ಷೆ ಮಾಡಿದೀನಿ. ನನ್ನ ಮೇಲೆ ನಂಬಿಕೆ ಇದ್ರೆ..."

"ಇದೆ" ಎಂದಳು. ಇಷ್ಟು ಬೇಗ ಹೇಳಿಬಿಟ್ಟೆನಲ್ಲ ಎಂದು ಆಮೇಲೆ ಅವಳಿಗೇ ನಾಚಿಕೆಯಾಯಿತು.

ಕಂಪ್ಯೂಟರ್ ಸಿದ್ಧವಾದ ದಿನ, ಮನೆಗೆ ಬಂದು ಜೋಡಿಸಿಕೊಡುತ್ತೇನೆ ಎಂದ. ಅವಳು ಬೇಡ ಎಂದಳು. ತನ್ನ ಕಾಲು ಮರಗಟ್ಟುವುದನ್ನು ಅವನು ಮಾತ್ರ ನೋಡಬಾರದು!

"ಹಾಗಾದ್ರೆ ಸರಿಯಾಗಿ ಕೇಳಿಸ್ಕೊಳ್ಳಿ" ಎಂದು ಡಬ್ಬದ ಬೆನ್ನು ತಿರುಗಿಸಿ, ಒಂದೊಂದೇ ತೂತನ್ನು ಬೆರಳಿಟ್ಟು ತೋರಿಸಿದ. ಯಾವ ವೈರು ಎಲ್ಲಿಗೆ, ಯಾವುದಕ್ಕೆ ಹಾಕಲೇಬಾರದು, ಎಲ್ಲ ಹೇಳಿದ. "ಗೊತ್ತಾಯ್ತಾ?"

"ಹ್ಞೂಂ, ಗೊತ್ತಾಯ್ತು."

ಮನೆಯಲ್ಲಿ ಎಲ್ಲ ಜೋಡಿಸಿ, ಉಸಿರು ಬಿಗಿಹಿಡಿದು ಪೆಡಲ್ ಮೇಲೆ ಕಾಲಿಟ್ಟಳು. ತೆರೆಯ ಮೇಲೆ ಬೀದಿ ಬಂತು. ಕಾರು ಹೊರಟಿತು. ಅಡ್ಡರಸ್ತೆಯಿಂದ ಒಂದು ಸೈಕಲ್ ಬಂತು. ಬ್ರೇಕ್!

ಚಿತ್ರ ತಡೆದು ನಿಂತಿತು. ಆಮೇಲೆ ಎಳೆದುಕೊಂಡು ಮುಂದೆ ಹೋಯಿತು. ಅಷ್ಟರಲ್ಲಿ ಕಾರು ಸೈಕಲ್ಲಿಗೆ ಗುದ್ದಿಯಾಗಿತ್ತು.

ಮತ್ತೆ ಪ್ರಯತ್ನಿಸಿದಳು. ಮತ್ತೆ ಗುದ್ದಿತು. ಮತ್ತೆ, ಮತ್ತೆ.

'ಅಯ್ಯೋ... ಇಲ್ಲೂ ತಡವೇ... ನನ್ನ ಕಾಲಿಗೆ ಇನ್ನು ಬುದ್ಧಿ ಬರಲ್ಲ...'

ಸ್ಟೀರಿಂಗ್ ಮೇಲೆ ಹಣೆಯಿಟ್ಟು ಅತ್ತುಬಿಟ್ಟಳು. ಅದೇ ಹೊತ್ತಿಗೆ ಚಿಕ್ಕಪ್ಪನ ಮಗ ಬೇರೇನೋ ವಿಷಯಕ್ಕೆ ಫೋನ್ ಮಾಡಿದ. ಚಿತ್ರ ತಡೆದು ತಡೆದು ಬರುತ್ತದೆಂದು ಕೇಳಿದವನೇ ನಕ್ಕ. "ಸೆಕೆಂಡ್ ಹ್ಯಾಂಡ್ ಕಾರ್ಡ್ ತಗೊಂಡ್ಯಾ ಅಕ್ಕಾ? ಮುಗೀತು ಬಿಡು. ಸತ್ತಿರೋ ಕಾರ್ಡ್ ಕೊಟ್ಟು ನಿಂಗೆ ಟೋಪಿ ಹಾಕಿದಾನೆ!"

ತಪ್ಪು ತನ್ನದಲ್ಲ, ಬೇರೆಯವರದ್ದು! ಆ ಮಾತು ಅವಳಿಗೆ ಎಷ್ಟು ಬೇಕಾಗಿತ್ತೆಂದರೆ, ನಿಜವೋ ಸುಳ್ಳೋ ಎಂದು ಯೋಚಿಸಲೂ ಇಲ್ಲ. ಸೀದಾ ಅಂಗಡಿಗೆ ಹೋದಳು.

"ನಂಬಿಕೆ ಇದ್ರೆ ಅಂದ್ರಲ್ಲ... ಇದೇನಾ ನಿಮ್ಮ ನಂಬಿಕೆ? ನಮ್ಮ ಚಿಕ್ಕಪ್ಪನ ಮಗ ಫೋನಲ್ಲೇ ಕಂಡುಹಿಡಿದ! ಕೆಟ್ಟು ಹೋಗಿರೋ ಕಾರ್ಡ್ ಕೊಟ್ಟು ಟೋಪಿ ಹಾಕಿದ್ರಲ್ರೀ! ನನ್ನ ಕಷ್ಟ ಎಲ್ಲ ಕೇಳಿದ ಮೇಲೂ!"

ಪ್ರಿಂಟರ್ ಅಂಕಲ್ ಬಾಯಿ ತೆರೆದು ಹಾಗೇ ಕೂತರು. ಅವನ ಮುಖ ಸಣ್ಣಗಾಯಿತು.

"ಒಂದು ಸಲ ಬಂದು ನೋಡ್ಲಾ?"

"ಏನೂ ಬೇಡ!"

ಆದರೂ ಮರುದಿನ ಬೆಳಿಗ್ಗೆ ಅವನು ಬಂದ. ಬಾಗಿಲು ತೆಗೆದದ್ದು ಅಪ್ಪ. ಅವಳು ಗೋಡೆಗೊರಗಿ ಮುಖ ಗಂಟಿಕ್ಕಿ ನಿಂತಿದ್ದಳು. ಅವನು ಡಬ್ಬವನ್ನು ಬಿಚ್ಚಲೂ ಇಲ್ಲ. ಬಗ್ಗಿ ಬೆನ್ನುಗಡೆ ನೋಡಿದ. ಮಾನಿಟರಿನ ವೈರನ್ನು ಮೇಲಿನ ತೂತಿನಿಂದ ಕಿತ್ತು, ಕೆಳಗಿನ ತೂತಿಗೆ ಚುಚ್ಚಿದ.

"ಮೇಲಿನದು ಮದರ್‌ಬೋರ್ಡ್‌ದು. ಅಲ್ಲಿಗೆ ಹಾಕಿದ್ರೆ ಗ್ರಾಫಿಕ್ಸ್ ಕಾರ್ಡ್ ಸುಮ್ನೆ ಕೂತಿರುತ್ತೆ, ಕೆಲಸಾನೇ ಮಾಡಲ್ಲ. ಕೆಳಗಿನದು ಕಾರ್ಡಿಂದು. ಈಗ ಕೂತ್ಕೊಳ್ಳಿ."

ಅವಳು ಕೂತಳು. ಬೀದಿ ಬಂತು. ಸೈಕಲ್ ಬಂತು. ಬ್ರೇಕ್!

ಕಾರು ನಿಂತಿತು. ಒತ್ತಿದ ತಕ್ಷಣ ನಿಂತಿತು. ಸೈಕಲ್ಲಿನವನು ತನ್ನ ಪಾಡಿಗೆ ತಾನು ರಸ್ತೆ ದಾಟಿ ಹೋದ.

"ನಿಮ್ಮ ಕಾಲು ತಡ ಮಾಡ್ಲಿಲ್ಲ" ಎಂದ ಅವನು ಮೆಲ್ಲಗೆ. "ತಡ ಆಗಿದ್ದು ಚಿತ್ರ. ಆ ಗೋಡೆ ದಿನದ ವಿಷಯ ನನಗೆ ಗೊತ್ತಿಲ್ಲ, ಸುಳ್ಳು ಹೇಳಲ್ಲ. ಆದ್ರೆ ನಿನ್ನೆ ನಿಮ್ಮ ಕಾಲಿಂದ ಏನೂ ತಪ್ಪಾಗಿಲ್ಲ."

ಅವಳ ಕಣ್ಣು ತುಂಬಿ ಬಂತು. ಸಂತೋಷ, ನಾಚಿಕೆ ಎರಡೂ ಒಟ್ಟಿಗೇ ಬಂದರೆ ಮನುಷ್ಯರು ಏನು ಮಾಡಬೇಕು ಹೇಳಿ!

"ಸಾರಿ ಕಣ್ರೀ... ನಾನು ಅಷ್ಟೆಲ್ಲ ಬೈದೆ..."

"ಬೈದಿದ್ದಕ್ಕೆ ಬೇಜಾರಿಲ್ಲ. ಯಾರೋ ಫೋನಲ್ಲಿ ಹೇಳಿದ್ದನ್ನ ನಂಬಿದ್ರಿ. ನನ್ನನ್ನ ಒಂದು ಮಾತು ಕೇಳ್ಲಿಲ್ಲ. ಅದಕ್ಕೆ ಬೇಜಾರು." ಅವನು ಚಪ್ಪಲಿ ಮೆಟ್ಟಿದ. "ಬರ್ತೀನಿ, ಮೇಡಂ."

ಮೇಡಂ. ಟೀಚರ್ ಅಲ್ಲ... ಮೇಡಂ.

ಆ ಒಂದು ಪದ ಅವಳನ್ನು ದಿನಗಟ್ಟಲೆ ಕೊರೆಯಿತು. ಅಂಗಡಿಯ ಬೀದಿಗೆ ಕಾಲಿಡಲು ಮುಖವಿರಲಿಲ್ಲ. ತೆರೆಯ ಮೇಲೆ ಮಾತ್ರ ದಿನಾ ಓಡಿಸಿದಳು. ಬ್ರೇಕ್ ಒತ್ತಿದಾಗಲೆಲ್ಲ ಕಾರು ನಿಲ್ಲುತ್ತಿತ್ತು, ಅವನ ಮಾತು ನೆನಪಾಗುತ್ತಿತ್ತು. ಕಾಲಿನ ಮರಗಟ್ಟುವಿಕೆ ಯಾವಾಗ ಹೋಯಿತೋ ಅವಳಿಗೂ ಗೊತ್ತಾಗಲಿಲ್ಲ. ತಿಂಗಳು ಮುಗಿಯುತ್ತ ಬಂತು, ಕಾರು ಕೊಳ್ಳುವವರು ನೋಡಲು ಬರುವ ದಿನವೂ ಬಂತು.

ಬೆಳಿಗ್ಗೆಯೇ ಟಾರ್ಪಾಲು ಸರಿದ ಸದ್ದಿಗೆ ಅಪ್ಪ ಹೊರಗೆ ಬಂದರು.

"ನಾನೂ ಬರ್ಲಾ ಪುಟ್ಟಿ?"

"ಬೇಡ ಅಪ್ಪ. ಕೊಳ್ಳೋರಿಗೆ ಫೋನ್ ಮಾಡಿ, ಬರೋದು ಬೇಡ ಅನ್ನಿ."

ಅಪ್ಪ ಗೇಟು ತೆಗೆದರು. ಆಚೆ ಮುಖ ತಿರುಗಿಸಿಕೊಂಡು ಮೂಗು ಒರೆಸಿಕೊಂಡದ್ದು ಕನ್ನಡಿಯಲ್ಲಿ ಅವಳಿಗೆ ಕಂಡಿತು.

ಅಂಗಡಿಯ ಮುಂದೆ ಕಾರು ನಿಂತಾಗ ಅವನು ಯಾವುದೋ ಕಂಪ್ಯೂಟರಿನ ಪುಟ್ಟ ಫ್ಯಾನಿನ ಧೂಳು ಊದುತ್ತಿದ್ದ. ಕತ್ತೆತ್ತಿ ನೋಡಿದವನು ಹಾಗೇ ನಿಂತುಬಿಟ್ಟ. ಡ್ರೈವರ್ ಸೀಟಿನಿಂದ ಇಳಿದವಳು ಅವಳು! ಒಬ್ಬಳೇ!

"ಅವತ್ತು ಎಲ್ಲರೆದುರು ಬೈದೆ. ಅದಕ್ಕೆ ಎಲ್ಲರೆದುರೇ ಹೇಳ್ತೀನಿ..." ಎಂದಳು, ನೆಲ ನೋಡುತ್ತ.

"ಸ್ವಲ್ಪ ಜೋರಾಗಿ ಹೇಳಮ್ಮ!" ಸ್ಟೂಲಿನಿಂದ ಪ್ರಿಂಟರ್ ಅಂಕಲ್ ಅಂದರು. "ಬೈದಿದ್ದು ಬೀದಿಗೆಲ್ಲ ಕೇಳ್ತು, ಇದು ನನಗೂ ಕೇಳ್ತಿಲ್ಲ."

ಅವಳು ತಲೆ ಎತ್ತಿದಳು.

"ತಪ್ಪು ನಂದು! ವೈರು ತಪ್ಪಾಗಿ ಹಾಕಿದ್ದು ನಾನು. ನೀವು ಸರಿಯಾಗೇ ಹೇಳಿಕೊಟ್ಟಿದ್ರಿ. ನಾನೇ ಕೇಳಿಸ್ಕೊಳ್ಳಲಿಲ್ಲ."

"ಗೊತ್ತಾಯ್ತು ಅಂದಿದ್ರಲ್ಲ?"

"ಸುಳ್ಳು ಹೇಳಿದ್ದೆ. ಒಂದಕ್ಷರ ಕಿವಿಗೆ ಬಿದ್ದಿರಲಿಲ್ಲ." ಅವಳ ದನಿ ತಗ್ಗಿತು. "ನಾನು... ನಿಮ್ಮನ್ನ ನೋಡ್ತಾ ಇದ್ದೆ."

ಪ್ರಿಂಟರ್ ಅಂಕಲ್‌ಗೆ ತಟ್ಟನೆ ಏನೋ ಕೆಲಸ ನೆನಪಾಯಿತು. ಪ್ರಿಂಟರನ್ನು ಅಲ್ಲೇ ಬಿಟ್ಟು ಎದ್ದು ಹೊರಗೆ ಹೋದರು. ಹೋಗುತ್ತ, "ಅಂಗಡಿ ನಾನು ನೋಡ್ಕೋತೀನಿ, ಹೋಗಯ್ಯಾ!" ಎಂದು ಕೂಗಿದರು.

ಅವನ ಕೈಯಲ್ಲಿದ್ದ ಫ್ಯಾನ್ ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಕೊನೆಗೆ ಜೇಬಿಗೆ ತುರುಕಿಕೊಂಡ.

"ನಾನೂ ಒಂದು ಸುಳ್ಳು ಹೇಳಿದ್ದೆ" ಎಂದ. "ರ‍್ಯಾಮ್ ಸ್ಟಾಕ್ ಇಲ್ಲ, ನಾಳೆ ಬನ್ನಿ ಅಂದಿದ್ನಲ್ಲ... ಇತ್ತು. ಕೌಂಟರ್ ಕೆಳಗೇ ಇತ್ತು."

ಅವಳು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಆಮೇಲೆ ಕಾರಿನ ಎಡಗಡೆಯ ಬಾಗಿಲು ತೆಗೆದು ಹಿಡಿದಳು. ಗೋಡೆಗೆ ಗುದ್ದಿದ ದಿನ ಅವಳು ಕೂತಿದ್ದ ಸೀಟು ಅದು.

ಅವನು ಕೂತ. ಅವಳು ಬಂದು ಸ್ಟೀರಿಂಗ್ ಹಿಡಿದಳು.

"ನಿಮ್ಮ ಕಾಲ ಹತ್ರ ಒಂದು ಬ್ರೇಕ್ ಇದೆ" ಎಂದಳು. "ಭಯ ಆದ್ರೆ ಒತ್ತಿ. ನಾನೇನೂ ಬೇಜಾರು ಮಾಡ್ಕೊಳ್ಳಲ್ಲ."

ಅವನು ಬಗ್ಗಿ ಆ ಬ್ರೇಕನ್ನು ನೋಡಿದ. ನಂತರ ಎರಡೂ ಕಾಲನ್ನು ಹಿಂದಕ್ಕೆಳೆದು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

"ಹೊರಡಿ, ಟೀಚರ್."