ಮರಕ್ಕೊಂದು ಮುಕ್ಕಾಲು ಗಂಟೆ

ಡಾಕ್ಟರ್ ನಗುವಾಗ ಮೊದಲು ಎಡಗಣ್ಣು ಕಿರಿದಾಗುತ್ತದೆ, ಆಮೇಲೆ ತುಟಿ ಅರಳುತ್ತದೆ. ಟ್ಯಾಂಕರ್ ಓಡಿಸುವವಳು ನಾಲ್ಕು ವರ್ಷದಿಂದ ಆ ನಗುವನ್ನು ತನ್ನೊಬ್ಬಳದೇ ಎಂದುಕೊಂಡಿದ್ದಳು. ಈ ವಾರ ಅದು ಮೀಟರ್ ಮೇಡಂ ಪಾಲಾಗಿತ್ತು.

ಅವನು ನಿಜವಾದ ಡಾಕ್ಟರೇನಲ್ಲ. ನಗರಸಭೆಯ ಮರಗಳ ಉಸ್ತುವಾರಿ ಅವನದು. ಕಾಂಡಕ್ಕೆ ಕಿವಿಯಿಟ್ಟು ತಟ್ಟಿ ನೋಡುತ್ತಾನೆಂದು ಆ ಹೆಸರು. ಊರಿನ ಮರಗಳಿಗೆಲ್ಲ ದಿನಕ್ಕೆ ಒಂದೇ ಟ್ಯಾಂಕರ್ ನೀರು. ಯಾವುದಕ್ಕೆ ಎಷ್ಟು ಎಂದು ತಿಳಿಸಲು ಬಂದವಳೇ ಈ ಮೇಡಂ. ಮಣ್ಣಿಗೆ ಮೀಟರಿನ ಉದ್ದನೆಯ ಸರಳು ಚುಚ್ಚಿ ತೇವ ಅಳೆಯುತ್ತಾಳೆ. ಡಾಕ್ಟರ್ ಅವಳ ಪಕ್ಕದಲ್ಲೇ ಮಂಡಿಯೂರಿ ಕೂರುತ್ತಾನೆ.

"ಒಂದೇ ಸಲ ಸುರಿದ್ರೆ ಮೇಲೇ ಹರಿದುಹೋಗತ್ತೆ. ಸಣ್ಣಗೆ ಬಿಡ್ಬೇಕು," ಎಂದಳು ಮೇಡಂ.

"ಹೌದಲ್ವಾ!" ಎಂದ ಡಾಕ್ಟರ್.

"ಎರಡು ವರ್ಷದಿಂದ ನಾನೂ ಇದನ್ನೇ ಬಡ್ಕೊಳ್ತಿದ್ದೆ. ಆಗ ಕಿವಿ ಎಲ್ಲಿಟ್ಟಿದ್ರೋ," ಟ್ಯಾಂಕರಿನವಳು ಗೊಣಗಿದಳು.

"ಏನಂದ್ರಿ?" ಡಾಕ್ಟರ್ ತಿರುಗಿದ.

"ಏನಿಲ್ಲ. ಟ್ಯಾಂಕರ್‌ಗೆ ಹೇಳ್ದೆ."

ಬಸ್ ನಿಲ್ದಾಣದ ಹಳೆಯ ಬೇವಿಗೆ ಪೈಪ್ ಎಳೆದಳು. ಹೊಟ್ಟೆಕಿಚ್ಚಿಗೆ ವಾಲ್ವನ್ನು ಪೂರ್ತಿ ತಿರುಗಿಸಿ ಅವರಿಬ್ಬರನ್ನೇ ನೋಡುತ್ತ ನಿಂತಳು. ಮೇಡಂ ಏನೋ ಕೇಳಿದಳು. ಡಾಕ್ಟರ್ ಕಿವಿ ಕೆಂಪಾಯಿತು. ಟ್ಯಾಂಕರಿನವಳಿಗೆ ಕಂಡದ್ದು ಅಷ್ಟೇ. ನೀರು ಗಟ್ಟಿ ನೆಲದ ಮೇಲೆ ಜಾರಿ, ರಸ್ತೆ ದಾಟಿ ಚರಂಡಿ ಸೇರುತ್ತಿದ್ದುದು ಕಾಣಲಿಲ್ಲ.

ಡಾಕ್ಟರ್ ಓಡಿಬಂದು ವಾಲ್ವ್ ಮುಚ್ಚುವಷ್ಟರಲ್ಲಿ ಅರ್ಧ ಟ್ಯಾಂಕ್ ಖಾಲಿ. ಮುಂದಿನ ಬೀದಿಯ ಸಸಿಗಳು ಆಗಲೇ ತಲೆ ಬಾಗಿಸಿದ್ದವು.

"ಎಲ್ಲಿತ್ತು ನಿಮ್ಮ ಗಮನ?"

"ನಿಮ್ಮ ಕಿವಿ ಮೇಲೆ." ಅವಳು ಪೈಪ್ ಸುತ್ತತೊಡಗಿದಳು. "ತಪ್ಪು ನಂದೇ. ಆದ್ರೆ ಅವರು ಏನ್ ಕೇಳಿದ್ರು, ನೀವು ಅಷ್ಟು ನಾಚ್ಕೊಳ್ಳೋಕೆ?"

ಮೇಡಂ ಸರಳು ಒರೆಸುತ್ತ ಹತ್ತಿರ ಬಂದಳು. "ಮರಕ್ಕೊಂದು ಮುಕ್ಕಾಲು ಗಂಟೆ ನೀರು ಬಿಡ್ಬೇಕು ಅಂದೆ. ಹಾಗಾದ್ರೆ ದಿನಾ ಟ್ಯಾಂಕರ್ ಜೊತೆ ನಾನೇ ಇರ್ತೀನಿ ಅಂದ್ರು ಡಾಕ್ಟ್ರು. ಮರದ ಆಸೆಗೋ, ಡ್ರೈವರ್ ಆಸೆಗೋ ಅಂತ ಕೇಳ್ದೆ."

ಹೀಗೆಂದು ಮೇಡಂ ಮುಂದಿನ ಮರದತ್ತ ನಡೆದುಬಿಟ್ಟಳು.

"ಏನಂತ ಹೇಳಿದ್ರಿ?" ಟ್ಯಾಂಕರಿನವಳು ಡಾಕ್ಟರತ್ತ ತಿರುಗಿದಳು.

"ಹೇಳೋಕೆ ನೀವೆಲ್ಲಿ ಬಿಟ್ರಿ? ನೀರೆಲ್ಲ ಚರಂಡಿಗೆ ಹೊರಟಿತ್ತು."

"ಈಗ ಹೇಳಿ."

"ಡ್ರೈವರ್ ಆಸೆಗೆ," ಎಂದ. "ನಾಲ್ಕು ವರ್ಷದಿಂದ."

ಉಳಿದ ನೀರನ್ನು ಇಬ್ಬರೂ ಬಕೆಟಿನಲ್ಲಿ ಹೊತ್ತು ಒಂದೊಂದೇ ಸಸಿಗೆ ಉಣಿಸಿದರು. ಕೈ ಕೈಗೆ ತಗುಲಿದಾಗ ಯಾರೂ ಹಿಂದೆ ಎಳೆದುಕೊಳ್ಳಲಿಲ್ಲ.

"ನಾಳೇನೂ ಮೇಡಂ ಬರ್ತಾರಾ?"

"ಬರ್ತಾರೆ."

"ಬರ್ಲಿ, ಒಳ್ಳೇವರು." ಅವಳು ಬಕೆಟ್ ಎತ್ತಿಕೊಂಡಳು. "ನೀವು ಮಾತ್ರ ನನ್ನ ಕಡೆ ನಿಂತ್ಕೊಳ್ಳಿ."