ಸೋಮಜ್ಜಿ ಓದಬೇಕಿದ್ದ ಭಾನುವಾರ

“ಪ್ರೀತೀ! ಏ ಪ್ರೀತವ್ವಾ! ಇಲ್ ನೋಡು!”

ಸ್ಕೂಲ್ ಗೇಟಿನಾಚೆ ನಿಂತಿದ್ದ ಆಟೋಗಳ ಸಾಲು ದಾಟಿ ಆ ಕೂಗು ಬಂದಾಗ ಪ್ರೀತಿ ಗಕ್ಕನೆ ನಿಂತಳು. ಅದು ಸೋಮಜ್ಜಿಯ ದನಿ.

ಸೋಮಜ್ಜಿ ಮಕ್ಕಳ ನಡುವೆ ದಾರಿ ಮಾಡಿಕೊಂಡು ಬರುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು. ಒಂದು ಕೈಯಲ್ಲಿ ಸೊಪ್ಪಿನ ಚೀಲ, ಇನ್ನೊಂದರಲ್ಲಿ ದಪ್ಪನೆಯ ಸತ್ಯವೇದ, ಕನ್ನಡದ ಬೈಬಲ್. ಪುಟ ತಪ್ಪದಿರಲೆಂದು ನಡುವೆ ಬೆರಳಿಟ್ಟುಕೊಂಡಿದ್ದರು.

ಬೇರೆ ದಿನವಾಗಿದ್ದರೆ ಪ್ರೀತಿ ಓಡಿಹೋಗುತ್ತಿದ್ದಳು. ಆದರೆ ಇವತ್ತು ಅವಳ ಪಕ್ಕದಲ್ಲಿ ಲಹರಿ ಇದ್ದಳು, ಅಪೂರ್ವ ಇದ್ದಳು. ಆ್ಯನ್ಯುಯಲ್ ಡೇ ಡ್ಯಾನ್ಸ್‌ಗೆ ಅವರಿಬ್ಬರೂ ಪ್ರೀತಿಯನ್ನು ತಮ್ಮ ಗುಂಪಿಗೆ ಸೇರಿಸಿಕೊಂಡಿದ್ದು ಅವತ್ತೇ.

“ಭಾನುವಾರ ಹತ್ರ ಬಂದ್ಬುಡ್ತು ಕಣವ್ವ. ಈ ಒಂದು ಪದ ನಾಲಿಗೆ ಮೇಲೆ ಕೂರಾಕಿಲ್ಲ ಅಂತದೆ,” ಎನ್ನುತ್ತಾ ಸೋಮಜ್ಜಿ ಪುಸ್ತಕ ಬಿಡಿಸಿದರು. “ದ ಕೆಳಗೆ ಒಂದು ಕೊಂಡಿ ಹಾಕವ್ರೆ. ಷ ಕೆಳಗೆ ಇನ್ನೇನೋ ನೇತಾಕವ್ರೆ. ಎಂಗವ್ವ ಓದೋದು?”

ಸೋಮಜ್ಜಿಗೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ. ಸುತ್ತ ನಿಂತವರೆಲ್ಲ ತಿರುಗಿ ನೋಡಿದರು. ಅಪೂರ್ವ ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕನೆ ನಕ್ಕಳು.

“ಯಾರೇ ಇದು? ನಿಮ್ಮಜ್ಜೀನಾ?” ಎಂದು ಕೇಳಿದಳು ಲಹರಿ.

“ಅಲ್ಲಪ್ಪ.”

“ಮತ್ತೆ ನಿನ್ನ ಹೆಸರು ಕೂಗಿದ್ರಲ್ಲ?”

“ಯಾರೋ… ನಂಗೆ ಗೊತ್ತೇ ಇಲ್ಲ ಇವರು.”

ಸೋಮಜ್ಜಿಯ ಬೆರಳು ಪುಟದ ಮೇಲೇ ನಿಂತಿತು. ಅವರು ತಲೆಯೆತ್ತಿ ಪ್ರೀತಿಯನ್ನು ನೋಡಿದರು. ಪ್ರೀತಿ ತನ್ನ ಶೂ ನೋಡಿಕೊಂಡಳು.

“ನಮ್ಮ ಕಡೆ ಇಂಗೇ ಒಂದು ಮಗು ಅದೆ ಕಣ್ರವ್ವ,” ಎಂದರು ಸೋಮಜ್ಜಿ, ಲಹರಿಯ ಕಡೆ ತಿರುಗಿ. “ಅದೇ ಅನ್ಕಂಡ್ಬುಟ್ಟೆ. ವಯಸ್ಸಾಯ್ತಲ್ಲ, ಕಣ್ಣು ಮಂಜು.”

ಪುಸ್ತಕ ಮುಚ್ಚಿ, ಚೀಲ ಎತ್ತಿಕೊಂಡು ಹೊರಟುಹೋದರು. ಒಂದು ಸಲವೂ ಹಿಂತಿರುಗಲಿಲ್ಲ.

ಪ್ರೀತಿಯ ಮನೆ ಇರುವುದು ನಜರ್‌ಬಾದಿನಲ್ಲಿ, ಚರ್ಚಿನ ಹಿಂದಿನ ಬೀದಿಯಲ್ಲಿ. ಅವರ ಚರ್ಚು ಚಿಕ್ಕದು. ಬೇಸಿಗೆಗೆ ಮುಂಚೆ ಒಂದು ಭಾನುವಾರ ಪಾಸ್ಟರ್ ಹೇಳಿದ್ದರು: “ಇನ್ಮೇಲೆ ನಾನೊಬ್ಬನೇ ಓದಿ, ನಾನೊಬ್ಬನೇ ಅರ್ಥ ಹೇಳೋದು ಬೇಡ. ಎಲ್ಲರೂ ಓದೋಣ. ಎಲ್ಲರೂ ಕೂತು ಯೋಚನೆ ಮಾಡೋಣ.”

ಅವತ್ತಿನಿಂದ ಆರಾಧನೆ ಮುಗಿದ ಮೇಲೆ ಬೆಂಚುಗಳನ್ನು ಸರಿಸಿ, ಚಾಪೆ ಹಾಸಿ, ಎಲ್ಲರೂ ಸುತ್ತ ಕೂರುತ್ತಿದ್ದರು. ವಾರಕ್ಕೊಬ್ಬರು ಒಂದು ಭಾಗ ಓದಬೇಕು. ಓದುವವರು ತಡವರಿಸಿದರೆ ಯಾರೂ ಬಾಯಿ ಹಾಕಬಾರದು, ಕಾಯಬೇಕು. ಆಮೇಲೆ ತಮಗೇನು ಅನ್ನಿಸಿತೋ ಅದನ್ನು ಯಾರು ಬೇಕಾದರೂ ಹೇಳಬಹುದು.

“ನಾನು ಸ್ಕೂಲು ಮೆಟ್ಟಿಲೇ ಹತ್ತಿಲ್ಲ. ಸುಮ್ನೆ ಕೇಳ್ಕಂಡಿರ್ತೀನಿ ಬುಡಿ,” ಎಂದಿದ್ದರು ಸೋಮಜ್ಜಿ.

“ನಾನು ಹೇಳ್ಕೊಡ್ತೀನಿ ಅಜ್ಜಿ!” ಎಂದು ಎದ್ದು ನಿಂತವಳು ಪ್ರೀತಿಯೇ.

ರಜೆಯೆಲ್ಲ ಚರ್ಚಿನ ಮೆಟ್ಟಿಲ ಮೇಲೆ ಪಾಠ ನಡೆಯಿತು. ಸೋಮಜ್ಜಿ ಬೆರಳನ್ನು ನೀರಿನಲ್ಲಿ ಅದ್ದಿ ಕಲ್ಲಿನ ಮೇಲೆ ಬರೆಯುತ್ತಿದ್ದರು. ಒತ್ತಕ್ಷರ ಮುಗಿಸುವಷ್ಟರಲ್ಲಿ ಮೊದಲ ಅಕ್ಷರ ಒಣಗಿರುತ್ತಿತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ‘ಪೇತ್ರ’ ಅಂತ ತಾವೇ ಕೂಡಿಸಿ ಓದಿದ ದಿನ ಸೋಮಜ್ಜಿ ಪ್ರೀತಿಗೆ ಬಟ್ಟಲು ತುಂಬ ಹಲಸಿನ ತೊಳೆ ಬಿಡಿಸಿ ಕೊಟ್ಟಿದ್ದರು.

ಬರುವ ಭಾನುವಾರ ಸೋಮಜ್ಜಿಯ ಮೊದಲ ಸರದಿ.

ಸಂಜೆ ಅಮ್ಮ ಕೇಳಿದರು, “ಸೋಮಮ್ಮ ಸಿಕ್ಕಿದ್ರೇನೇ? ಏನೋ ಪದ ಕೇಳ್ಬೇಕು ಅಂತ ಸ್ಕೂಲ್ ಹತ್ರ ಹೊರಟಿದ್ರು.”

“ಹೂಂ.”

“ಹೇಳ್ಕೊಟ್ಯಾ?”

“ಹೂಂ,” ಎಂದಳು ಪ್ರೀತಿ ಮತ್ತೆ.

ಶನಿವಾರ ಅವಳು ಸೋಮಜ್ಜಿಯ ಮನೆಯ ತನಕ ಹೋದಳು. ಬಾಗಿಲು ತೆರೆದೇ ಇತ್ತು. ಒಳಗಿನಿಂದ ಅಕ್ಷರ ಅಕ್ಷರವಾಗಿ ಓದುವ ದನಿ ಕೇಳಿಸುತ್ತಿತ್ತು. ಓದು ಒಂದು ಕಡೆ ನಿಂತಿತು. ಮತ್ತೆ ಮೊದಲಿಂದ ಶುರುವಾಯಿತು. ಮತ್ತೆ ಅಲ್ಲೇ ನಿಂತಿತು. ಒಳಗೆ ಹೋಗಿ ಏನು ಹೇಳುವುದು? ಪ್ರೀತಿ ಬಂದ ದಾರಿಯಲ್ಲೇ ಹಿಂತಿರುಗಿದಳು.

ಭಾನುವಾರ ಚಾಪೆಯ ಮೇಲೆ ಎಲ್ಲರೂ ಕೂತಾಗ ಪಾಸ್ಟರ್ ನಗುತ್ತಾ ಹೇಳಿದರು, “ಇವತ್ತು ನಮ್ಮ ಸೋಮಮ್ಮನವರ ಸರದಿ.”

“ನಂಗೆ ಬ್ಯಾಡಿ ಅಯ್ಯನೋರೇ,” ಎಂದರು ಸೋಮಜ್ಜಿ. “ಇನ್ನೂ ಕಲಿಯೋದದೆ.” ಪ್ರೀತಿಯ ಕಡೆ ನೋಡಲೇ ಇಲ್ಲ.

ಅಮ್ಮ ಪ್ರೀತಿಯ ಬೆನ್ನು ತಟ್ಟಿದರು. “ಹಾಗಾದ್ರೆ ನೀನೇ ಓದಮ್ಮ. ಹೇಳ್ಕೊಟ್ಟೋಳು ನೀನೇ ಅಲ್ವಾ?”

ಪ್ರೀತಿ ಓದತೊಡಗಿದಳು. ಯೇಸುಸ್ವಾಮಿಯನ್ನು ಹಿಡಿದುಕೊಂಡು ಹೋದ ರಾತ್ರಿಯ ಕತೆ. ಶಿಷ್ಯ ಪೇತ್ರ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದ. ನೀನೂ ಅವರ ಕಡೆಯವನಲ್ಲವೇ ಎಂದು ಕೆಲಸದ ಹುಡುಗಿಯೊಬ್ಬಳು ಕೇಳಿದಳು. ‘ಅವನು ನನಗೆ ಗೊತ್ತೇ ಇಲ್ಲ’ ಎಂದುಬಿಟ್ಟ ಪೇತ್ರ.

ಈ ಕತೆ ಅವಳಿಗೆ ಬಾಯಿಪಾಠ. ಸಂಡೇ ಸ್ಕೂಲ್ ಕ್ವಿಜ್‌ನಲ್ಲಿ ಇದರ ಎಲ್ಲ ಪ್ರಶ್ನೆಗೂ ಉತ್ತರ ಹೇಳಿ ಪ್ರೈಜ್ ತಗೊಂಡಿದ್ದಳು. ಇವತ್ತು ಒಂದೊಂದು ಸಾಲೂ ಹೊಸದಾಗಿತ್ತು.

ಕೋಳಿ ಕೂಗುವ ಮುಂಚೆ ನೀನು ನನ್ನನ್ನು ಗೊತ್ತಿಲ್ಲ ಅನ್ನುತ್ತೀ ಎಂದು ಸ್ವಾಮಿ ಅವನಿಗೆ ಮೊದಲೇ ಹೇಳಿದ್ದರು. ಈಗ ಕೋಳಿ ಕೂಗಿತು. ಯೇಸುಸ್ವಾಮಿ ತಿರುಗಿ ಪೇತ್ರನನ್ನು… ಮುಂದಿನ ಪದ ‘ದೃಷ್ಟಿಸಿ’. ದ ಕೆಳಗೆ ಕೊಂಡಿ, ಷ ಕೆಳಗೆ ಒತ್ತು.

ಪ್ರೀತಿಯ ದನಿ ನಿಂತುಹೋಯಿತು. ಯಾರೂ ಬಾಯಿ ಹಾಕಲಿಲ್ಲ. ಎಲ್ಲರೂ ಕಾದರು. ಕೊನೆಗೆ ಹೇಗೋ ಓದಿ ಮುಗಿಸಿದಳು.

“ಸ್ವಾಮಿ ಆಗ ಪೇತ್ರನನ್ನ ಹೇಗೆ ನೋಡಿರಬಹುದು?” ಎಂದು ಕೇಳಿದರು ಪಾಸ್ಟರ್.

“ಬೇಜಾರಿಂದ,” ಎಂದರು ದೇವದಾಸ್ ಅಂಕಲ್. “ನಾನು ಮೊದಲೇ ಹೇಳಿರಲಿಲ್ವಾ, ಅನ್ನೋ ಹಾಗೆ,” ಎಂದರು ಇನ್ನೊಬ್ಬರು. ಯಾವಾಗಲೂ ಮೊದಲು ಕೈಯೆತ್ತುವ ಪ್ರೀತಿ ಚಾಪೆಯ ಅಂಚು ಕೀಳುತ್ತಾ ಕೂತಿದ್ದಳು.

“ಪಾಪ, ಪೇತ್ರಂಗೂ ಭಯ ಆಗಿರ್ತದೆ,” ಎಂದರು ಸೋಮಜ್ಜಿ ಮೆಲ್ಲಗೆ.

ಅವರು ಬೈದಿದ್ದರೆ ಪ್ರೀತಿ ತಡೆದುಕೊಳ್ಳುತ್ತಿದ್ದಳೇನೋ. ಆ ‘ಪಾಪ’ ಮಾತ್ರ ತಡೆಯಲಾಗಲಿಲ್ಲ.

ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ ಅವಳು ಸೋಮಜ್ಜಿಯ ಸೆರಗು ಹಿಡಿದುಕೊಂಡಳು. “ಅಜ್ಜಿ, ಅವತ್ತು ನಾನು… ಗೊತ್ತಿಲ್ಲ ಅಂದ್ಬಿಟ್ಟೆ. ಸಾರಿ ಅಜ್ಜಿ.”

“ಓಗ್ಲಿ ಬುಡವ್ವ. ನಾನೂ ರಸ್ತೇಲಿ ಅಂಗೆ ಕೂಗಬಾರದಿತ್ತು,” ಎಂದು ಸೋಮಜ್ಜಿ ಅವಳ ಕೆನ್ನೆ ಸವರಿದರು.

ಮತ್ತೆ ಮೆಟ್ಟಿಲ ಮೇಲೆ ಪಾಠ ಶುರುವಾಯಿತು. ಮಳೆಗಾಲ ಕಳೆಯುವ ಹೊತ್ತಿಗೆ ಸೋಮಜ್ಜಿ ಒಂದು ಭಾನುವಾರ ಎಲ್ಲರೆದುರು ಓದಿಯೂ ಬಿಟ್ಟರು. ಎಲ್ಲ ಸರಿಹೋಯಿತು ಎಂದುಕೊಂಡಳು ಪ್ರೀತಿ.

ಒಂದು ಸಂಜೆ ಡ್ಯಾನ್ಸ್ ಪ್ರಾಕ್ಟೀಸ್ ಮುಗಿಸಿ ಲಹರಿ, ಅಪೂರ್ವರ ಜೊತೆ ಬರುತ್ತಿದ್ದಾಗ ರಸ್ತೆಯ ಆ ಬದಿಯಲ್ಲಿ ಸೋಮಜ್ಜಿ ಕಾಣಿಸಿದರು. ಅವರೂ ಪ್ರೀತಿಯನ್ನು ನೋಡಿದರು. ಪಕ್ಕದಲ್ಲಿದ್ದ ಹುಡುಗಿಯರನ್ನೂ ನೋಡಿದರು. ಕೂಡಲೇ ತಲೆಯ ಮೇಲೆ ಸೆರಗು ಎಳೆದುಕೊಂಡು, ಮುಚ್ಚಿದ್ದ ಅಂಗಡಿಯೊಂದರ ಕಡೆ ಮುಖ ಮಾಡಿ ನಿಂತುಬಿಟ್ಟರು.

ಅವರು ಹಾಗೆ ನಿಂತದ್ದು ತನಗಾಗಿ. ತನಗೆ ನಾಚಿಕೆಯಾಗದಿರಲಿ ಅಂತ.

“ಸೋಮಜ್ಜೀ!” ಎಂದು ಕೂಗಿ ಪ್ರೀತಿ ರಸ್ತೆ ದಾಟಿದಳು. ಗೆಳತಿಯರು ಹಿಂದೆಯೇ ಬಂದರು.

“ಇವರು ಸೋಮಜ್ಜಿ ಕಣೇ, ನಮ್ಮ ಚರ್ಚಿನವರು. ಅವತ್ತು ಗೇಟ್ ಹತ್ರ ನನ್ನನ್ನೇ ಕರೆದಿದ್ದು.”

“ಮತ್ತೆ ಗೊತ್ತೇ ಇಲ್ಲ ಅಂದೆ?” ಎಂದಳು ಲಹರಿ.

“ಸುಳ್ಳು ಹೇಳಿದ್ದೆ.”

ಸೋಮಜ್ಜಿ ತಿರುಗಿದರು. ಮೊದಲು ಲಹರಿಯ ಮುಖ ನೋಡಿದರು, ಆಮೇಲೆ ಅಪೂರ್ವಳದು. ಕೊನೆಗೆ ಪ್ರೀತಿಯದು, ಮಾತಾಡಿಸಬಹುದೇ ಎಂದು ಕೇಳುವ ಹಾಗೆ.

ಪ್ರೀತಿ ಅವರ ಕೈ ಹಿಡಿದುಕೊಂಡಳು. ಆ ಒರಟು ಬೆರಳುಗಳು ತಕ್ಷಣ ಅವಳ ಕೈಯನ್ನು ತಿರುಗಿ ಹಿಡಿಯಲಿಲ್ಲ. ಪ್ರೀತಿ ಅವಸರ ಮಾಡಲಿಲ್ಲ. ಹಿಡಿದುಕೊಂಡೇ ನಿಂತಳು.