ದುಭಾಷಿಗೆ ಸ್ವಂತ ಮಾತಿಲ್ಲ

"ಊಟ ಆಯ್ತಾ?" ಎಂದ ಜೈಲಿನ ಭೇಟಿ ಕೋಣೆಯಲ್ಲಿ ಕೂತಿದ್ದ ಜುಮಾದಿಲ್.

ದುಭಾಷಿ ರೋಸ್ನಿ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ವಯಸ್ಸಾದ ವಕೀಲೆ ಬ್ರಿಜಿಟ್ ಫೈಲಿನಿಂದ ತಲೆಯೆತ್ತಿ, "ಆಯ್ತಪ್ಪಾ, ಸ್ಯಾಂಡ್‌ವಿಚ್ ತಿಂದೆ," ಎಂದರು.

"ಅವರನ್ನಲ್ಲ ರೋಸ್ನಿ, ನಿಮ್ಮನ್ನ ಕೇಳಿದ್ದು."

ಅದನ್ನೂ ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಆರೋಪಿಯ ಬಾಯಿಂದ ಬಂದದ್ದನ್ನೆಲ್ಲ ದುಭಾಷಿ ಹೇಳಬೇಕು, ತನ್ನದೊಂದು ಮಾತೂ ಸೇರಿಸಬಾರದು. ರೋಸ್ನಿಯ ಕಿವಿ ಕೆಂಪಾಯಿತು. ಅವನು ತುಟಿ ಕಚ್ಚಿ ನಗು ತಡೆದುಕೊಂಡ. ಜೈಲಿನಲ್ಲಿದ್ದುಕೊಂಡು ನಗುವ ಈ ಮನುಷ್ಯನ ಮೇಲೆ ಅವಳಿಗೆ ಸಿಟ್ಟು ಬರುತ್ತಿತ್ತು, ಬಂದಷ್ಟೇ ಬೇಗ ಕರಗುತ್ತಿತ್ತು.

ಅವನು ಇಂಡೋನೇಷ್ಯಾದ ಬಾಜೊ ಜನದವನು, ಮೀನುಗಾರರ ದೋಣಿಯಲ್ಲಿ ಅಡುಗೆ ಮಾಡುವವನು. ದೋಣಿ ಗಡಿ ದಾಟಿ ಮೀನು ಹಿಡಿಯುತ್ತ ಆಸ್ಟ್ರೇಲಿಯಾದ ನೀರಿನಲ್ಲಿ ಸಿಕ್ಕಿಬಿದ್ದಾಗ ನಿಜವಾದ ಕ್ಯಾಪ್ಟನ್ ಇನ್ನೊಂದು ದೋಣಿ ಹತ್ತಿ ಪರಾರಿಯಾಗಿದ್ದ. ಪೊಲೀಸರು ಫೋನಿನಲ್ಲಿ ಇಂಡೋನೇಷ್ಯನ್ ಭಾಷೆಯವರೊಬ್ಬರನ್ನು ಹಿಡಿದು, "ನೀನೇ ಕ್ಯಾಪ್ಟನ್ನಾ?" ಎಂದು ಕೇಳಿಸಿದರು. ಇವನಿಗೆ ಬರುವುದು ಸಂತೆಗೆ ಸಾಕಾಗುವಷ್ಟು ಇಂಡೋನೇಷ್ಯನ್. ಹೌದೆಂದು ತಲೆಯಾಡಿಸಿದ. ಅಧಿಕಾರದಲ್ಲಿರುವ ಹಿರಿಯರ ಮುಖಕ್ಕೆ ಇಲ್ಲ ಅನ್ನುವುದು ಬಾಜೊಗಳಲ್ಲಿ ಒರಟುತನ. ಅರ್ಥವಾಗದಿದ್ದರಂತೂ ಇನ್ನೂ ಜೋರಾಗಿ ತಲೆಯಾಡಿಸುತ್ತಾರೆ. ಪೊಲೀಸರು ಅದನ್ನೇ ತಪ್ಪೊಪ್ಪಿಗೆ ಎಂದು ಬರೆದುಕೊಂಡರು.

ಈಗ ಅವನು ನ್ಯಾಯಾಧೀಶರ ಮುಂದೆ ತನ್ನ ಭಾಷೆಯಲ್ಲಿ "ನಾನು ಅಡುಗೆಯವನು" ಅನ್ನಬೇಕು. ಅನ್ನದಿದ್ದರೆ ಕ್ಯಾಪ್ಟನ್ನಿನ ಶಿಕ್ಷೆ ಇವನಿಗೆ. ಆಸ್ಟ್ರೇಲಿಯಾದ ಈ ಬಂದರಿನ ಊರಿನಲ್ಲಿ ಬಾಜೊ ಭಾಷೆ ಗೊತ್ತಿದ್ದ ದುಭಾಷಿ ರೋಸ್ನಿ ಒಬ್ಬಳೇ.

"ಇನ್ನೊಂದು ಮಾತಿದೆ," ಎಂದ ಜುಮಾದಿಲ್. ಈ ಸಲ ನಗಲಿಲ್ಲ. "ಬಿಡುಗಡೆ ಆದ್ಮೇಲೆ ನಿಮ್ಮನ್ನ ಮದುವೆ ಆಗ್ತೀನಿ. ನಿಮಗೆ ಇಷ್ಟ ಇದ್ರೆ."

ಆ ಮಾತನ್ನು ಅವಳು ನುಂಗಿಬಿಡಬಹುದಿತ್ತು. ಆದರೆ ಅವಳು ಪ್ರಮಾಣ ಮಾಡಿದ್ದಳು. ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದಳು.

ಬ್ರಿಜಿಟ್ ನಕ್ಕರು. ಅವಳ ಮುಖ ನೋಡಿ ನಗು ನಿಲ್ಲಿಸಿದರು. "ನಿನಗೂ ಅವನ ಮೇಲೆ ಮನಸ್ಸಿದೆಯೇನೇ?"

ರೋಸ್ನಿ ಸುಳ್ಳು ಹೇಳಲಿಲ್ಲ. "ಹೌದು," ಎಂದಳು.

"ಅಯ್ಯೋ ಹುಡುಗಿ, ನನಗ್ಯಾಕೆ ಹೇಳಿದೆ? ಆರೋಪಿ ಮೇಲೆ ಮನಸ್ಸಿರೋ ದುಭಾಷಿನ ಕೋರ್ಟು ಒಪ್ಪಲ್ಲ, ಇನ್ನು ನೀನು ಅವನ ಪರವಾಗಿ ಬಾಯಿ ತೆರೆಯೋ ಹಾಗಿಲ್ಲ. ಬೇರೆಯವರನ್ನ ಎಲ್ಲಿಂದ ತರಲಿ?"

ಬೇರೆ ಯಾರೂ ಸಿಗಲಿಲ್ಲ. ಬ್ರಿಜಿಟ್ ಕೋರ್ಟಿನಲ್ಲಿ ವಿಚಾರಣೆಯ ದಿನ ಮುಂದಕ್ಕೆ ಹಾಕಲು ಕೇಳಿದರು. "ಇಂಡೋನೇಷ್ಯನ್ ಅವನ ದೇಶದ್ದೇ ಭಾಷೆ ತಾನೇ? ಈಗಾಗಲೇ ತಡವಾಗಿದೆ," ಎಂದು ನ್ಯಾಯಾಧೀಶರು ಒಪ್ಪಲಿಲ್ಲ. ಇವನು ಅಡುಗೆಯವನು ಎಂದು ಬ್ರಿಜಿಟ್ ಎಷ್ಟು ಹೇಳಿದರೂ, ಅದು ಅವನ ಬಾಯಿಂದಲೇ ಬರಲಿ ಎಂದರು. ಮತ್ತೆ ಅದೇ ಫೋನು, ಅದೇ ಭಾಷೆ. ದೋಣಿ ನಡೆಸಿದ್ದು ನೀನೇನಾ ಎಂದರೂ ತಲೆಯಾಡಿಸಿದ, ಗಡಿ ಗೊತ್ತಿತ್ತಾ ಎಂದರೂ ತಲೆಯಾಡಿಸಿದ.

ಹಿಂದಿನ ಬೆಂಚಿನಿಂದ ರೋಸ್ನಿ ಎದ್ದು ನಿಂತಳು. "ಸ್ವಾಮಿ, ಅವರಿಗೆ ಏನೂ ಅರ್ಥ ಆಗ್ತಿಲ್ಲ!"

"ಕೂತ್ಕೊಳ್ಳಿ. ಇನ್ನೊಂದು ಮಾತಾಡಿದ್ರೆ ಹೊರಗೆ ಕಳಿಸ್ತೀನಿ."

ಕೂತಳು. ಹೊರಗೆ ಹಾಕಿದರೆ ಅವನ ಮುಖವೂ ಕಾಣುವುದಿಲ್ಲವಲ್ಲ. ತಾನು ಆ ಮಾತನ್ನು ನುಂಗಿದ್ದರೆ ಇವನು ಉಳಿಯುತ್ತಿದ್ದ ಅನ್ನುವುದೊಂದೇ ತಲೆಯಲ್ಲಿ.

ತೀರ್ಪು ಓದುವಾಗ ಫೋನು ಗೊರಗೊರ ಅಂದಿತು. ಜುಮಾದಿಲ್ ಎದೆಗೆ ಕೈಯಿಟ್ಟು ನ್ಯಾಯಾಧೀಶರಿಗೆ ವಂದಿಸಿದ. ಅವರು ಎದ್ದು ಹೋದರು. ಪೊಲೀಸಿನವನು ರಟ್ಟೆ ಹಿಡಿದಾಗ ಅವನು ಬೆಂಚುಗಳ ಕಡೆ ತಿರುಗಿ ಅವಳನ್ನು ಹುಡುಕಿದ.

"ರೋಸ್ನಿ, ಏನಂದ್ರು? ಮನೆಗೆ ಹೋಗ್ಬಹುದಂತಾ?"

ಈಗ ಅವಳು ಯಾರ ದುಭಾಷಿಯೂ ಅಲ್ಲ. ಕಟಕಟೆಯ ಹತ್ತಿರಕ್ಕೆ ಓಡಿದಳು.

"ಹದಿನೆಂಟು ತಿಂಗಳು ಜೈಲು. ಆಮೇಲೆ ಊರಿಗೆ ಕಳಿಸ್ತಾರೆ, ಮತ್ತೆ ಈ ದೇಶಕ್ಕೆ ಬಿಡಲ್ಲ." ಅವಳು ಕಟಕಟೆಯ ಕಂಬಿ ಹಿಡಿದಳು. "ನಾನೇ ಊರಿಗೆ ಬರ್ತೀನಿ. ನಿನ್ನನ್ನೇ ಮದುವೆ ಆಗ್ತೀನಿ."

ಅವನ ಮುಖ ಬಿಳಿಚಿಕೊಂಡಿತ್ತು. "ಇನ್ನೊಂದ್ಸಲ ಹೇಳು," ಎಂದ.

ಅಷ್ಟರಲ್ಲಿ ಅವನನ್ನು ಎಳೆದುಕೊಂಡು ಹೋದರು, ಕಟಕಟೆಯ ಹಿಂದಿನ ಬಾಗಿಲು ಮುಚ್ಚಿತು. ಅವಳು ಬಾಗಿಲಿಗೆ ಕೈಯೊತ್ತಿ, ಜೋರಾಗಿ, ಇನ್ನೊಂದು ಸಲ ಹೇಳಿದಳು.